ಬೀಳ್ಕೊಡುವುದು ಮತ್ತು ಬೀಳ್ಕೊಳ್ಳುವುದು

ಕಲಬುರಗಿಯಲ್ಲಿ ಕನ್ನಡ ಕಲಿಸುವವರ ಪಾಲಿಗೆ ಪಾಠಪ್ರವಚನಗಳ ಜೊತೆಗೆ ಇನ್ನೊಂದು ಕೆಲಸವೂ ತಾನಾಗಿಯೇ ಬಂದು ಸೇರುತ್ತದೆ. ಅದೇ ಬಿನ್ನವತ್ತಳೆ ಬರೆಯುವ ಕೆಲಸ. ನಿವೃತ್ತರಾಗುವ ಅಧಿಕಾರಿಗಿರಲಿ, ವರ್ಗವಾಗಿ ಹೋಗುವ ವೈದ್ಯರಿಗಿರಲಿ, ಸನ್ಮಾನ ಗೊತ್ತಾಯಿತೆಂದರೆ ಅದರ ಒಕ್ಕಣೆಗಾಗಿ ಜನ ಕನ್ನಡ ಮಾಸ್ತರರ ಮನೆಯನ್ನು ಹುಡುಕಿಕೊಂಡು ಬರುತ್ತಾರೆ. ಕಳೆದ ತಿಂಗಳು ಕಮಲಾಪುರದಿಂದ ನಾಲ್ವರು ತರುಣರು ನಮ್ಮಲ್ಲಿಗೆ ಬಂದದ್ದೂ ಇದಕ್ಕಾಗಿಯೇ. ಅವರ ಕಾಲ್ಚೆಂಡಿನ ತಂಡವನ್ನು ಇಪ್ಪತ್ತು ವರ್ಷಗಳಿಗೂ ಮಿಗಿಲಾಗಿ ನೋಡಿಕೊಂಡು ಬಂದ ಹಿರಿಯರೊಬ್ಬರಿಗೆ ಬೀಳ್ಕೊಡುಗೆ ಏರ್ಪಟ್ಟಿತ್ತು. ಹಿರಿಯರು ಹಿಂದೆ ಶಾಲೆಯಲ್ಲಿ ಡ್ರಿಲ್ ಮಾಸ್ತರರಾಗಿದ್ದವರು. ಚೆಂಡಿಗೆ ಗಾಳಿ ತುಂಬುವುದು, ಪರವೂರಿನ ಪಂದ್ಯಕ್ಕೆ ಟೆಂಪೊ ಗೊತ್ತುಮಾಡುವುದು, ಕಾಲು ಉಳುಕಿದ ಹುಡುಗನನ್ನು ಕಲಬುರಗಿಯ ಆಸ್ಪತ್ರೆಗೆ ಕರೆತಂದು ರಾತ್ರಿಯೆಲ್ಲ ಬಳಿಯಲ್ಲಿ ಕೂಡುವುದು, ಎಲ್ಲವೂ ಅವರದೇ.

ಎರಡು ಪುಟ ಬರೆದೆವು. ಬರಹ ಚೆನ್ನಾಗಿಯೇ ಬಂದಿತೆಂದು ನಮಗೆ ತುಸು ಹೆಮ್ಮೆಯೂ ಆಗಿತ್ತೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಕಾಗದವನ್ನು ಕೈಗೆ ಕೊಡುವಾಗ, ಮಾಸ್ತರರು ಇದಕ್ಕೆ ಏನೆಂದರು ಎಂದು ಸಹಜವಾಗಿ ಕೇಳಿದೆವು.

“ಅವರಿಗಿನ್ನೂ ಹೇಳಿಲ್ರಿ ಸರ್. ಕಾರ್ಯಕ್ರಮದಾಗೇ ಗೊತ್ತಾಗ್ತದಲ್ರಿ” ಎಂದ ಅವರಲ್ಲೊಬ್ಬ.

ಆ ಹುಡುಗರಲ್ಲಿ ಕೆಡುಕೇನೂ ಇರಲಿಲ್ಲ. ತಂಡ ಎರಡು ವರ್ಷದಿಂದ ಸೋಲುತ್ತಿತ್ತು. ಹೊಸ ಆಟ ಬಲ್ಲ ತರುಣನೊಬ್ಬನನ್ನು ತರಬೇತಿಗೆ ಆಗಲೇ ಒಪ್ಪಿಸಿದ್ದರು. ತಮ್ಮನ್ನು ಬೆಳೆಸಿದವರೆದುರು ನಿಂತು ಆ ಮಾತನ್ನು ಆಡಲು ಧೈರ್ಯ ಸಾಲದೆ, ಹೇಳುವ ಹೊಣೆಯನ್ನು ಶಾಲು, ಹಾರ, ಹಣ್ಣಿನ ಬುಟ್ಟಿಗಳಿಗೆ ವಹಿಸಿದ್ದರು. ನಮ್ಮ ಎರಡು ಪುಟದ ಗದ್ಯವೂ ಅದೇ ಸಾಮಗ್ರಿಯಲ್ಲಿ ಸೇರಿತ್ತು.

ಹಳಗನ್ನಡದ ಪಾಠ ಕೇಳಿದ ವಿದ್ಯಾರ್ಥಿಗಳಿಗೆ ಎರಡು ಕ್ರಿಯಾಪದಗಳು ನೆನಪಿರಬಹುದು. ಹೊರಡುವವನು ಅಪ್ಪಣೆ ಪಡೆಯುವುದು ಬೀೞ್ಕೊಳ್. ಉಳಿಯುವವನು ಅಪ್ಪಣೆ ಕೊಟ್ಟು ಕಳುಹಿಸುವುದು ಬೀೞ್ಕೊಡು. ನಮ್ಮ ಕಾವ್ಯಗಳಲ್ಲಿ ಅತಿಥಿಯೂ ಮಗಳೂ ದೂತನೂ ಹೊರಡುವಾಗ ಬೀಳ್ಕೊಂಡೇ ಹೊರಡುತ್ತಾರೆ. ಇಬ್ಬರು ಕೂಡಿ ನಡೆಸಬೇಕಾದ ಈ ವ್ಯವಹಾರದಲ್ಲಿ ನಾವು ಇಂದು ಕೊಡುವುದನ್ನಷ್ಟೇ ಉಳಿಸಿಕೊಂಡು ಕೊಳ್ಳುವುದನ್ನು ಮರೆತಂತೆ ತೋರುತ್ತದೆ. ಆಮಂತ್ರಣ ಪತ್ರಿಕೆಗಳಲ್ಲೆಲ್ಲ ಬೀಳ್ಕೊಡುಗೆ ಎಂದೇ ಇರುತ್ತದೆ. ಬೀಳ್ಕೊಳ್ಳುವವನನ್ನು ಯಾರೂ ಕೇಳುವುದಿಲ್ಲ.

ಕಾಲ್ಚೆಂಡಿನ ವಿಷಯವಾದ್ದರಿಂದ ನಮ್ಮ ಭಾಗದ ಹಿರಿಯರಿಗೆ ಒಂದು ಹೆಸರು ಥಟ್ಟನೆ ಹೊಳೆಯಬೇಕು. 1956ರ ನವೆಂಬರ್ 1ರವರೆಗೆ ಕಲಬುರಗಿ ಹೈದರಾಬಾದ್ ರಾಜ್ಯದಲ್ಲಿತ್ತಷ್ಟೆ. ಆ ಕಾಲದಲ್ಲಿ ಹೈದರಾಬಾದಿನ ನಗರ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತವಾಗಿ ಐದು ಸಲ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದಿತು. ತಂಡವನ್ನು ತಿದ್ದಿದವರು ಸೈಯದ್ ಅಬ್ದುಲ್ ರಹೀಮ್ ಸಾಹೇಬರು. ಅವರೂ ವೃತ್ತಿಯಿಂದ ಶಾಲಾ ಶಿಕ್ಷಕರೇ. ಭಾರತ ತಂಡದ ಹೊಣೆಯೂ ಅವರಿಗೇ ಬಂದಿತು. 1951ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದ ಚಿನ್ನ, 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನ ಇವೆಲ್ಲ ಅವರ ಕಾಲದವು. 1962ರಲ್ಲಿ ಜಕಾರ್ತಾಕ್ಕೆ ಹೋಗುವ ವೇಳೆಗೆ ಅವರನ್ನು ಕ್ಯಾನ್ಸರ್ ಹಿಡಿದಿತ್ತು. ತಲೆಗೆ ಪೆಟ್ಟಾಗಿ ಹೊಲಿಗೆ ಹಾಕಿಸಿಕೊಂಡಿದ್ದ ರಕ್ಷಣಾಪಟು ಜರ್ನೈಲ್ ಸಿಂಗರನ್ನು ಮುಂಚೂಣಿಗೆ ತಂದು ಆಡಿಸಿದ ಉಪಾಯ ಫಲಿಸಿತು. ಸೆಪ್ಟೆಂಬರ್ 4ರ ಅಂತಿಮ ಪಂದ್ಯದಲ್ಲಿ ದಕ್ಷಿಣ ಕೊರಿಯಾವನ್ನು ಭಾರತ 2-1ರಿಂದ ಸೋಲಿಸಿದಾಗ ಒಂದು ಗೋಲು ಪಿ. ಕೆ. ಬ್ಯಾನರ್ಜಿಯವರದು, ಇನ್ನೊಂದು ಜರ್ನೈಲರದೇ.

1963ರ ಜೂನ್ 11ರಂದು ರಹೀಮ್ ಸಾಹೇಬರು ತೀರಿಕೊಂಡರು. ಬೀಳ್ಕೊಡುವ ಅವಕಾಶವನ್ನೇ ಮೃತ್ಯು ಕಸಿದುಕೊಂಡಿತು. ಏಷ್ಯನ್ ಕೂಟದ ಕಾಲ್ಚೆಂಡಿನ ಚಿನ್ನ ಆ ಬಳಿಕ ಭಾರತಕ್ಕೆ ಮತ್ತೆ ದೊರೆತಿಲ್ಲ. ಇದಕ್ಕೆ ಕಾರಣಗಳು ಹಲವಿರಬಹುದು. 2024ರಲ್ಲಿ ‘ಮೈದಾನ್’ ಎಂಬ ಹಿಂದಿ ಚಿತ್ರ ಬಂದ ಮೇಲೆಯೇ ನಮ್ಮ ತರಗತಿಯ ಹುಡುಗರು ಈ ಹೆಸರನ್ನು ಕೇಳಿದ್ದು ಎಂಬುದು ಮಾತ್ರ ನಾವು ಕಂಡ ಸಂಗತಿ.

ಕಾಲ್ಚೆಂಡನ್ನೇ ಉಸಿರಾಡುವ ಇಂಗ್ಲೆಂಡಿನ ಕಡೆಗೊಮ್ಮೆ ನೋಡೋಣ. ಮ್ಯಾಂಚೆಸ್ಟರ್ ಯುನೈಟೆಡ್ ತಂಡವನ್ನು ಅಲೆಕ್ಸ್ ಫರ್ಗ್ಯುಸನ್ 1986ರಿಂದ 2013ರವರೆಗೆ ನಡೆಸಿದರು. ಗೆದ್ದ ಪ್ರಶಸ್ತಿಗಳು 38. ಮೊದಲ ಮೂರು ವರ್ಷ ಅವರ ಕೈಗೆ ಏನೂ ದಕ್ಕಿರಲಿಲ್ಲವೆಂಬುದನ್ನೂ ಸೇರಿಸಿ ಹೇಳಬೇಕು. ಹೊರಡುವ ದಿನವನ್ನು ಅವರೇ ಆರಿಸಿಕೊಂಡರು. ತಮ್ಮ ಅಂಗಣದ ಕೊನೆಯ ಪಂದ್ಯ ಮುಗಿದ ಮೇಲೆ ಧ್ವನಿವರ್ಧಕ ಹಿಡಿದು, ಕಷ್ಟದ ದಿನಗಳಲ್ಲಿ ಸಂಸ್ಥೆ ನನ್ನ ಜೊತೆಗಿತ್ತು, ಇನ್ನು ನೀವು ಹೊಸಬರ ಜೊತೆಗೆ ನಿಲ್ಲಿರಿ ಎಂಬರ್ಥದ ಮಾತನ್ನು ಜನರಿಗೆ ಹೇಳಿದರು. ಇದು ಬೀಳ್ಕೊಳ್ಳುವಿಕೆ. ಆದರೆ ಆ ಹೊಸಬರಾದ ಡೇವಿಡ್ ಮೋಯ್ಸ್ ಅವರಿಗೆ ಆರು ವರ್ಷದ ಕರಾರು ಬರೆದುಕೊಟ್ಟು ಹತ್ತು ತಿಂಗಳೂ ತುಂಬುವ ಮೊದಲೇ, 2014ರ ಏಪ್ರಿಲಿನಲ್ಲಿ, ಹೊರಗೆ ಕಳುಹಿಸಿದರು. ಅಧಿಕೃತ ಪ್ರಕಟಣೆಗೆ ಹಿಂದಿನ ದಿನವೇ ಸುದ್ದಿ ಪತ್ರಿಕೆಗಳ ಪಾಲಾಗಿತ್ತು. ಅದೇ ಸಂಸ್ಥೆ, ಅದೇ ಅಂಗಣ, ನಡುವೆ ಒಂದು ವರ್ಷ!

ಆರ್ಸೆನಲ್ ತಂಡದ ಆರ್ಸೀನ್ ವೆಂಗರ್ ಅವರ ಪ್ರಸಂಗ ಇನ್ನೂ ಸೂಕ್ಷ್ಮವಾದದ್ದು. 1996ರಲ್ಲಿ ಬಂದವರು, 2003-04ರಲ್ಲಿ ಲೀಗಿನ ಒಂದು ಪಂದ್ಯವನ್ನೂ ಸೋಲದೆ ಗೆಲ್ಲಿಸಿದವರು. ಕೊನೆಯ ವರ್ಷಗಳಲ್ಲಿ ಅವರದೇ ಜನ, ತೊಲಗೆಂಬ ಫಲಕ ಹಿಡಿದು ಕುಳಿತರು. ಕರಾರು ಇನ್ನೊಂದು ವರ್ಷ ಬಾಕಿಯಿರುವಾಗಲೇ, 2018ರಲ್ಲಿ, ಹೊರಟರು. ಹೊರಡುವ ಹೊತ್ತನ್ನು ತಾವು ಗೊತ್ತುಮಾಡಿದ್ದಲ್ಲವೆಂಬುದನ್ನು ಅವರು ಮರೆಮಾಚಲಿಲ್ಲ. ತಂಡದವರು ಸೋಲರಿಯದ ಆ ವರ್ಷದ ಚಿನ್ನದ ಪ್ರಶಸ್ತಿಯನ್ನೇ ಅವರ ಕೈಗಿತ್ತರು. 2023ರಲ್ಲಿ ಪ್ರತಿಮೆಯನ್ನೂ ನಿಲ್ಲಿಸಿದರು. ಇಷ್ಟಾದರೂ ಅವರು ಮತ್ತೆ ಆ ಅಂಗಣದಲ್ಲಿ ಪಂದ್ಯ ನೋಡಲು ಬಂದದ್ದು 2022ರ ಡಿಸೆಂಬರಿನಲ್ಲಿ. ನಾಲ್ಕೂವರೆ ವರ್ಷ! ಚಿನ್ನಕ್ಕೂ ಒಂದು ಮಿತಿಯಿದೆ.

ನಮ್ಮ ಬೆಂಗಳೂರು ಎಫ್‌.ಸಿ. ತಂಡಕ್ಕೆ 2016ರಲ್ಲಿ ಸಹಾಯಕರಾಗಿ ಬಂದು, ಮುಖ್ಯ ತರಬೇತುದಾರರಾಗಿ 2019ರಲ್ಲಿ ಇಂಡಿಯನ್ ಸೂಪರ್ ಲೀಗ್ ಗೆಲ್ಲಿಸಿಕೊಟ್ಟ ಕಾರ್ಲೆಸ್ ಕ್ವಾದ್ರಾತ್, 2021ರ ಜನವರಿಯಲ್ಲಿ ಮೂರು ಸತತ ಸೋಲುಗಳ ಬೆನ್ನಿಗೆ ಋತುವಿನ ನಡುವೆಯೇ ಹೊರಟರು. ಇಂಥ ಪ್ರಕಟಣೆಗಳಲ್ಲಿ ‘ಪರಸ್ಪರ ಒಪ್ಪಿಗೆ’ ಎಂಬ ಮಾತು ವಾಡಿಕೆಯಾಗಿದೆ. ಮಾತು ನಿಜವಾಗಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ನಿಜವೋ ಅಲ್ಲವೋ ಎಂಬುದು ಒಳಗಿದ್ದ ಇಬ್ಬರಿಗೇ ಗೊತ್ತು.

ದೀರ್ಘಕಾಲ ದುಡಿದವರನ್ನು ಎಂದಿಗೂ ಬಿಡಬಾರದೆಂಬುದು ನಮ್ಮ ವಾದವಲ್ಲ. ಆಟದಲ್ಲಿ ಗೆಲುವು ಬೇಕು. ಹಳೆಯ ಉಪಕಾರವನ್ನೇ ನೆನೆದು ತಂಡವನ್ನು ಸೋಲಿಗೊಪ್ಪಿಸುವುದು ಆ ಹಿರಿಯರ ಕೆಲಸಕ್ಕೇ ಬಗೆದ ಅಪಚಾರ. ಕಮಲಾಪುರದ ಕೆಂಪು ಬಾಳೆಯ ತೋಟದಲ್ಲಿ ಗೊನೆ ಕೊಟ್ಟ ಗಿಡವನ್ನು ಕಡಿಯುತ್ತಾರೆ, ಅದರಲ್ಲಿ ನಿರ್ದಯೆಯೇನೂ ಇಲ್ಲ. ಬುಡದ ಮರಿಯನ್ನು ತಾಯಿಗಿಡ ನಿಂತಿರುವಾಗಲೇ ನೋಡಿ ಉಳಿಸಿಕೊಂಡಿರುತ್ತಾರೆ. ಮನುಷ್ಯನ ವಿಷಯದಲ್ಲಿ ಇನ್ನೊಂದು ಹೆಚ್ಚಿನ ಕರ್ತವ್ಯವಿದೆ; ಗಿಡಕ್ಕೆ ಹೇಳಬೇಕಾಗಿಲ್ಲ, ಮನುಷ್ಯನಿಗೆ ಹೇಳಬೇಕು. ಊರಿಗಿಂತ ಮೊದಲು, ಹೊಸಬನಿಗಿಂತ ಮೊದಲು, ಬಿನ್ನವತ್ತಳೆ ಬರೆಯುವವನಿಗಿಂತ ಮೊದಲು ಹೇಳಬೇಕು. ಹೇಳುವವರೂ ಅವರ ಕೈಯಲ್ಲಿ ಆಡಿ ಬೆಳೆದವರೇ ಆಗಿರಬೇಕು. ಶಾಲು ಹೊದಿಸುವ ಗಳಿಗೆಯಲ್ಲಿ ಸುದ್ದಿ ತಿಳಿದ ಮನುಷ್ಯ ನೂರು ಜನರೆದುರು ನಗಬೇಕಾಗುತ್ತದೆ. ಆ ನಗುವಿನ ಫೋಟೊವನ್ನು ಮನೆಯಲ್ಲಿ ತೂಗುಹಾಕಿಕೊಳ್ಳೆಂದು ಕಟ್ಟುಹಾಕಿಸಿಯೂ ಕೊಡುತ್ತಾರೆ.

ಬರೆದ ಎರಡು ಪುಟವನ್ನು ಹುಡುಗರಿಂದ ಹಿಂದಕ್ಕೆ ಪಡೆದೆವು. ಮುಂದಿನ ಭಾನುವಾರ ಅವರಲ್ಲಿಬ್ಬರ ಜೊತೆಗೆ ನಾವೂ ಕಮಲಾಪುರಕ್ಕೆ ಹೋದೆವು. ಕೇಳದೆ ಬರೆದ ತಪ್ಪು ನಮ್ಮದೂ ಇತ್ತಷ್ಟೆ. ಮಾಸ್ತರರು ಚಹಾ ತರಿಸಿದರು. ಹುಡುಗರು ತಡವರಿಸುತ್ತ ಹೇಳಿದ್ದನ್ನೆಲ್ಲ ಕೇಳಿ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಹೊಸ ತರಬೇತುದಾರ ಯಾರ ಮಗ, ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳುತ್ತಾನೆ ಎಂದು ವಿಚಾರಿಸಿದರು. ಕೊನೆಗೆ, “ಮಳಿಗಾಲದ ಆಟ ಒಂದು ಮುಗೀಲಿ. ಅಂವನ್ನೂ ಕರಕೊಂಡು ಬರ್ರಿ, ಹುಡುಗ್ರು ಯಾರ್ಯಾರಿಗೆ ಮೊಣಕಾಲು ನೋವದ ಅಂತ ಅಂವಗ ಹೇಳಬೇಕು. ಆಮ್ಯಾಲ ದಿನ ನಾನೇ ಹೇಳ್ತೀನಿ” ಎಂದರು.

ಬಿನ್ನವತ್ತಳೆ ನಮ್ಮ ಮೇಜಿನ ಮೇಲೆಯೇ ಇದೆ. ವಿಶೇಷಣಗಳನ್ನು ಅರ್ಧಕ್ಕರ್ಧ ಹೊಡೆದುಹಾಕಿದ್ದೇವೆ. ದಿನಾಂಕದ ಜಾಗ ಖಾಲಿಯಿದೆ.