ಬಾತುಕೋಳಿ ಬೇಟೆ ನಿಂತುಹೋಯಿತೆ?

ಸೀಸದ ಗುಂಡಿಗೆ ಕಡಿವಾಣ ಹಾಕಬೇಕೆಂಬ ಮಾತು ಅಮೆರಿಕದಲ್ಲಿ ಎದ್ದಾಗಲೆಲ್ಲ ಅಲ್ಲಿನ ಕೋವಿ ಲಾಬಿಯವರದು ಒಂದೇ ಪಲ್ಲವಿ: ಇದು ಗುಂಡಿನ ವಿಷಯವೇ ಅಲ್ಲ, ಕೋವಿ ಕಸಿಯುವ ಹುನ್ನಾರ. ಇಂದು ಸೀಸ, ನಾಳೆ ಬಂದೂಕು, ನಾಡಿದ್ದು ಬೇಟೆಯೇ ಬಂದ್. 2024ರಲ್ಲಿ ಅಲ್ಲಿನ ಸಂಸತ್ತಿನ ಕೆಳಮನೆಯೂ ಇದಕ್ಕೆ ತಾಳ ಹಾಕಿತು. ಕೇಂದ್ರ ಸರ್ಕಾರದ ಕಾಡುಮೇಡುಗಳಲ್ಲಿ ಸೀಸವನ್ನು ಸುಲಭವಾಗಿ ನಿಷೇಧಿಸಲಾಗದಂತೆ ಇಲಾಖೆಗಳ ಕೈ ಕಟ್ಟುವ ಮಸೂದೆಯನ್ನು ಅಂಗೀಕರಿಸಿತು. ಇವರಿಗೆ ನಾನು ಕೇಳುವುದು ಒಂದೇ ಪ್ರಶ್ನೆ. 1991ರ ನಂತರ ಬಾತುಕೋಳಿ ಬೇಟೆ ನಿಂತುಹೋಯಿತೆ?

ಆ ವರ್ಷ ಅಮೆರಿಕವು ದೇಶದಾದ್ಯಂತ ಬಾತುಕೋಳಿ, ಹೆಬ್ಬಾತುಗಳ ಬೇಟೆಗೆ ಸೀಸದ ಚರೆ ಬಳಸಕೂಡದೆಂದು ನಿಯಮ ಜಾರಿ ಮಾಡಿತು. ಕಾಳು ಅರೆಯುವುದಕ್ಕೆ ಹಕ್ಕಿಗಳು ಹರಳು ನುಂಗುವುದುಂಟು. ಜೌಗಿನ ಕೆಸರಲ್ಲಿ ಬಿದ್ದ ಚರೆಯನ್ನೂ ಹರಳೆಂದೇ ನುಂಗಿ ಅವು ಸಾಯುತ್ತಿದ್ದವು. ಆಗಲೂ ಇದೇ ಗೋಳಾಟ: ಉಕ್ಕಿನ ಚರೆ ಹಾಕಿದರೆ ನಳಿಗೆ ಹಾಳಾಗುತ್ತದೆ, ಹಕ್ಕಿ ಸಾಯದೆ ಗಾಯಗೊಂಡು ಹಾರಿಹೋಗುತ್ತದೆ, ಅಪ್ಪ ಮಗನಿಗೆ ಕಲಿಸುವ ಬೇಟೆಯ ಪರಂಪರೆ ಮುಗಿದೇಹೋಗುತ್ತದೆ. ಏನಾಯಿತು? ಬೇಟೆಗಾರರು ಉಕ್ಕಿನ ತೋಟಾ ಕೊಂಡರು, ಅಷ್ಟೇ. ಮೂರು ದಶಕ ದಾಟಿದೆ, ಇಂದಿಗೂ ಬೆಳಕು ಹರಿಯುವ ಮೊದಲೇ ಜೌಗಿನಲ್ಲಿ ಅವಿತು ಕೂತು ಬಾತುಕೋಳಿ ಹೊಡೆಯುತ್ತಿದ್ದಾರೆ. 1997ರ ಒಂದೇ ಋತುವಿನಲ್ಲಿ ಸುಮಾರು 14 ಲಕ್ಷ ಬಾತುಕೋಳಿಗಳು ಸೀಸದ ವಿಷದಿಂದ ಪಾರಾದವೆಂದು ವಿಜ್ಞಾನಿಗಳು ಲೆಕ್ಕ ಹಾಕಿದರು. ಹದಿನಾಲ್ಕು ಲಕ್ಷ! ಒಬ್ಬನ ಕೋವಿಯನ್ನೂ ಯಾರೂ ಕಸಿಯಲಿಲ್ಲ.

ಚರೆ ಎಂದರೇನೆಂದು ಮಲೆನಾಡಿನಲ್ಲಿ ಬೆಳೆದವರಿಗೆ ಹೇಳಬೇಕಿಲ್ಲ. ನಾನು ಹೇಳುತ್ತಿರುವುದು ಅರವತ್ತರ ದಶಕದ ಮಾತು, ವನ್ಯಜೀವಿ ಕಾಯಿದೆ ಇನ್ನೂ ಬಂದಿರಲಿಲ್ಲ. ಗದ್ದೆಗೆ ನುಗ್ಗಿದ ಹಂದಿಗೆ ದೊಡ್ಡಪ್ಪ ಈಡು ಹೊಡೆದರೆ ಮರುದಿನ ಮನೆಯಲ್ಲಿ ಹಂದಿ ಸಾರು. ಊಟದ ನಡುವೆ ಹಲ್ಲಿಗೆ ಕಟಕ್ಕೆಂದು ಚರೆ ಸಿಗುತ್ತಿತ್ತು. ಉಗಿದು ತಟ್ಟೆಯ ಅಂಚಿಗಿಟ್ಟು, ಯಾರಿಗೆ ಎಷ್ಟು ಸಿಕ್ಕಿತೆಂದು ನಾವು ಮಕ್ಕಳು ಪಂದ್ಯ ಕಟ್ಟುತ್ತಿದ್ದೆವು. ದೊಡ್ಡಪ್ಪ ಹಿತ್ತಲಲ್ಲಿ ಕಬ್ಬಿಣದ ಸೌಟಿನಲ್ಲಿ ಸೀಸ ಕರಗಿಸುವಾಗ ಸುತ್ತ ಕೂತು ಹೊಗೆ ಕುಡಿದವರೂ ನಾವೇ. ಅದು ವಿಷವೆಂದು ನಮಗೆ ಗೊತ್ತಿರಲಿಲ್ಲ, ದೊಡ್ಡಪ್ಪನಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಮಾಡಿದ್ದನ್ನು ಕ್ಷಮಿಸಬಹುದು. ಇಂದು ಸೀಸದ ಪರ ವಕಾಲತ್ತು ವಹಿಸುವವರಿಗೆ ಎಲ್ಲವೂ ಗೊತ್ತಿದೆ.

ಜಿಂಕೆಗೆ ಹೊಡೆಯುವ ಸೀಸದ ರೈಫಲ್ ಗುಂಡು ಚರೆಗಿಂತ ಕೆಟ್ಟದ್ದು. ಮೈಯೊಳಗೆ ಹೊಕ್ಕೊಡನೆ ಅದು ಒಡೆದು ನುಚ್ಚಾಗುತ್ತದೆ. ಎಕ್ಸ್‌ರೇ ತೆಗೆದರೆ ಗಾಯದ ಸುತ್ತ ರವೆ ಚೆಲ್ಲಿದಂತೆ ಬಿಳಿ ಚುಕ್ಕೆಗಳು ಕಾಣುತ್ತವೆ. ಜಿಂಕೆ ಬಿದ್ದಲ್ಲೇ ಬೇಟೆಗಾರ ಅದರ ಹೊಟ್ಟೆ ಸೀಳಿ, ಕರುಳನ್ನು ಅಲ್ಲೇ ಬಿಟ್ಟು, ಮಾಂಸ ಹೊತ್ತು ಹೋಗುತ್ತಾನೆ. ಆ ಕರುಳಿನ ಗುಡ್ಡೆಗೆ ಹದ್ದು ಇಳಿಯುತ್ತದೆ, ಕಾಂಡರ್ ಎಂಬ ಅಲ್ಲಿನ ರಣಹದ್ದು ಇಳಿಯುತ್ತದೆ. ಸತ್ತದ್ದನ್ನು ಅರಗಿಸಿಕೊಳ್ಳಲೆಂದೇ ಇರುವ ಕಾಂಡರ್‌ನ ಜಠರದ ಆಮ್ಲ ಸೀಸವನ್ನೂ ಕರಗಿಸಿ ರಕ್ತಕ್ಕೆ ಸೇರಿಸುತ್ತದೆ. ನರಗಳು ಸತ್ತ ಮೇಲೆ, ಗಂಟಲ ಬುಡದಲ್ಲಿ ಆಹಾರ ತುಂಬಿಕೊಳ್ಳುವ ಚೀಲ ಕೆಲಸ ನಿಲ್ಲಿಸುತ್ತದೆ. ನುಂಗಿದ ಮಾಂಸ ಕೆಳಗಿಳಿಯದು. ಚೀಲದ ತುಂಬ ಮಾಂಸ ಇಟ್ಟುಕೊಂಡೇ ಹಕ್ಕಿ ಹಸಿವಿನಿಂದ ಸಾಯುತ್ತದೆ.

ಮಗಳನ್ನು ನೋಡಲು ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ದಾಗ ಪಿನ್ನಕಲ್ಸ್ ರಾಷ್ಟ್ರೀಯ ಉದ್ಯಾನದಲ್ಲಿ ಈ ಹಕ್ಕಿಯನ್ನು ಕಂಡೆ. ಬಂಡೆಯ ಮೇಲಿಂದ ತೇಲಿ ಬಂದ ರೆಕ್ಕೆಗಳ ಹರವು ಒಂಬತ್ತೂವರೆ ಅಡಿ. ಮೈ ಜುಮ್ಮೆಂದಿತು. ತಲೆಯ ಮೇಲೆಯೇ ಹಾದಾಗ ರೆಕ್ಕೆಗೆ ಸಿಕ್ಕಿಸಿದ ನಂಬರ್ ಬಿಲ್ಲೆ ಕಂಡಿತು. 1982ರಲ್ಲಿ ಇಡೀ ಭೂಮಿಯ ಮೇಲೆ ಉಳಿದಿದ್ದ ಕ್ಯಾಲಿಫೋರ್ನಿಯಾ ಕಾಂಡರ್‌ಗಳು 22. 1987ರಲ್ಲಿ ಕಾಡಿನಲ್ಲಿದ್ದ ಕೊನೆಯದನ್ನೂ ಹಿಡಿದು, ಸಾಕಿ, ಮರಿ ಮಾಡಿಸಿ, 1992ರಿಂದ ಮತ್ತೆ ಬಿಡುತ್ತಾ ಬಂದರು. ಈಗ ಒಟ್ಟು 500ಕ್ಕೂ ಹೆಚ್ಚು ಇವೆ. ಆದರೆ ಅವನ್ನು ಮತ್ತೆ ಮತ್ತೆ ಹಿಡಿದು ರಕ್ತ ಪರೀಕ್ಷಿಸಬೇಕು, ಸೀಸ ಏರಿದ್ದರೆ ಚುಚ್ಚುಮದ್ದು ಕೊಟ್ಟು ಇಳಿಸಬೇಕು. ಕ್ಯಾಲಿಫೋರ್ನಿಯಾದಲ್ಲಿ ಪ್ರತಿ ವರ್ಷ ಐದರಲ್ಲೊಂದು ಹಕ್ಕಿಗೆ ಇಂಥ ಚಿಕಿತ್ಸೆ ಬೇಕಾಗುವಷ್ಟು ಸೀಸವಿತ್ತೆಂದು 2012ರ ಅಧ್ಯಯನ ತೋರಿಸಿತು. ಆ ಸೀಸದ ಐಸೊಟೋಪ್ ಗುರುತು ಗುಂಡಿನ ಸೀಸಕ್ಕೇ ತಾಳೆಯಾಯಿತು. ಕಾಂಡರ್ ಎರಡು ವರ್ಷಕ್ಕೊಂದು ಮೊಟ್ಟೆ ಇಡುವ ಹಕ್ಕಿ. ಆರೇಳು ವರ್ಷ ತುಂಬುವವರೆಗೆ ಅದೂ ಇಲ್ಲ. ಒಂದು ಸತ್ತರೆ ಆ ಜಾಗ ತುಂಬಲು ಎಷ್ಟು ವರ್ಷ ಬೇಕೆಂದು ಲಾಬಿಯವರೇ ಲೆಕ್ಕ ಹಾಕಲಿ.

ಇನ್ನಷ್ಟು ಸಾಕ್ಷ್ಯ ತನ್ನಿ ಎನ್ನುತ್ತಾರೆ. 2022ರಲ್ಲಿ 38 ರಾಜ್ಯಗಳ 1,210 ಹದ್ದುಗಳನ್ನು ಪರೀಕ್ಷಿಸಿದ ವರದಿ ಬಂತು. ಅಮೆರಿಕದ ರಾಷ್ಟ್ರಲಾಂಛನದಲ್ಲಿರುವ ಬೋಳುಹದ್ದು ಮತ್ತು ಚಿನ್ನದ ಹದ್ದು, ಎರಡರಲ್ಲೂ ಹೆಚ್ಚುಕಡಿಮೆ ಅರ್ಧದಷ್ಟು ಹಕ್ಕಿಗಳ ಮೂಳೆಯಲ್ಲಿ ದೀರ್ಘಕಾಲದ ಸೀಸದ ವಿಷವಿತ್ತು. ಇದೂ ಸಾಲದಂತೆ. 2008ರಲ್ಲಿ ನಾರ್ತ್ ಡಕೋಟಾದಲ್ಲಿ ಬೇಟೆಗಾರರು ಬಡವರಿಗೆಂದು ದಾನ ಕೊಟ್ಟ ಜಿಂಕೆ ಮಾಂಸದಲ್ಲಿ ಸೀಸದ ಚೂರು ಕಂಡು, ದಾನಕೇಂದ್ರಗಳು ಅದನ್ನು ಎಸೆಯಬೇಕಾಯಿತು. ಹಕ್ಕಿಯ ಮೇಲೆ ಕರುಣೆ ಇಲ್ಲದಿದ್ದರೆ ಬೇಡ, ಹಸಿದ ಮನೆಯ ಮಗುವಿನ ತಟ್ಟೆಯನ್ನಾದರೂ ನೋಡಬಾರದೆ?

ಸಾಕ್ಷ್ಯ ಸಾಲದೆಂಬ ಈ ಮಾತು ಹೊಸದಲ್ಲ. ಪೆಟ್ರೋಲಿಗೆ ಸೀಸ ಬೆರೆಸಿದವರು 1920ರ ದಶಕದಿಂದ ಅದನ್ನೇ ಹೇಳುತ್ತಾ ಜಗತ್ತಿನ ಮಕ್ಕಳ ರಕ್ತಕ್ಕೆ ಸೀಸ ಸುರಿದರು. ಭಾರತ ಅದರಿಂದ ಬಿಡುಗಡೆಯಾಗಲು 2000ನೇ ಇಸವಿ ಬರಬೇಕಾಯಿತು, ಅಲ್ಜೀರಿಯಾಕ್ಕೆ 2021. ನಮ್ಮ ರಣಹದ್ದುಗಳ ಕಥೆಯೂ ಇದೇ. ದನಗಳಿಗೆ ಕೊಟ್ಟ ಡೈಕ್ಲೋಫೆನಾಕ್ ಸತ್ತ ದನದ ಮಾಂಸದಿಂದ ರಣಹದ್ದಿನ ಮೂತ್ರಪಿಂಡ ಹಾಳು ಮಾಡಿತು. ಬಿಳಿಬೆನ್ನಿನ ರಣಹದ್ದು ನೂರಕ್ಕೆ 99ಕ್ಕೂ ಹೆಚ್ಚು ಪಾಲು ನಾಶವಾಯಿತು. 2006ರಲ್ಲಿ ಜಾನುವಾರು ಬಳಕೆಗೆ ನಿಷೇಧ ಬಂತು, ಬದಲಿಗೆ ಮೆಲಾಕ್ಸಿಕಾಂ ಇತ್ತು, ಯಾವ ಹಸುವೂ ಔಷಧಿಯಿಲ್ಲದೆ ನರಳಬೇಕಿರಲಿಲ್ಲ. ಆದರೂ ಮನುಷ್ಯರ ಹೆಸರಿನ ದೊಡ್ಡ ಬಾಟಲಿಗಳನ್ನು ಕೊಟ್ಟಿಗೆಗೆ ಮಾರುತ್ತಲೇ ಇದ್ದರು. ಬಾಟಲಿಯನ್ನು 3 ಮಿಲಿಲೀಟರಿಗೆ ಇಳಿಸಲು 2015 ಆಗಬೇಕಾಯಿತು. ರಾಮನಗರದ ರಾಮದೇವರಬೆಟ್ಟವನ್ನು 2012ರಲ್ಲಿ ರಣಹದ್ದುಧಾಮವೆಂದು ಘೋಷಿಸಿದೆವು. ಈಗ ಆ ಬಂಡೆಗಳ ಕೆಳಗೆ ನಿಂತು ಕತ್ತು ನೋಯುವಷ್ಟು ಹೊತ್ತು ಮೇಲೆ ನೋಡಿ, ಬರಿಗಣ್ಣಿಗೆ ಏನೂ ಕಾಣದೆ ಇಳಿದು ಬಂದಿದ್ದೇನೆ. ಕಾಂಡರ್ ವಿಷಯದಲ್ಲಿ ನನಗೆ ಸಿಟ್ಟು ಬರುವುದು ಅದಕ್ಕೇ. ಮಾರುವವನಿಗೆ ಲಾಭ ಇರುವವರೆಗೆ ಸಾಕ್ಷ್ಯ ಎಂದೂ ಸಾಲುವುದಿಲ್ಲ.

ಕಾನೂನೂ ಅವರ ಬೆನ್ನಿಗೇ ನಿಂತಿದೆ. ಅಮೆರಿಕದ 1976ರ ವಿಷವಸ್ತು ನಿಯಂತ್ರಣ ಕಾಯಿದೆಯಿಂದ ತೋಟಾಗಳನ್ನು ಹೊರಗಿಟ್ಟಿದ್ದಾರೆ. ಬಣ್ಣದಿಂದ ಸೀಸ ಹೋಯಿತು, ಹೊಸ ನೀರಿನ ಪೈಪಿನಿಂದ ಹೋಯಿತು, ಪೆಟ್ರೋಲಿನಿಂದ ಹೋಯಿತು, ಕೋವಿಯೊಳಗೆ ಮಾತ್ರ ಭದ್ರವಾಗಿ ಉಳಿಯಿತು. 2017ರ ಜನವರಿ 19ರಂದು ವನ್ಯಜೀವಿ ಇಲಾಖೆಯ ಮುಖ್ಯಸ್ಥ ಡ್ಯಾನ್ ಆಶ್ ಅಭಯಾರಣ್ಯಗಳಲ್ಲಿ ಸೀಸವನ್ನು ಹಂತಹಂತವಾಗಿ ನಿಲ್ಲಿಸಲು ಆದೇಶ ಹೊರಡಿಸಿದರು. ಮಾರ್ಚ್ 2ರಂದು ಹೊಸ ಸಚಿವ ರಯಾನ್ ಜಿಂಕಿ ಕುದುರೆ ಏರಿ ಕಚೇರಿಗೆ ಬಂದು, ಮೊದಲ ದಿನವೇ ಅದನ್ನು ರದ್ದು ಮಾಡಿದರು. ಆದೇಶ ಬದುಕಿದ್ದು ಆರೇ ವಾರ.

ಬೇಟೆಗಾರರ ಆತ್ಮಸಾಕ್ಷಿಗೆ ಬಿಡಿ, ತಾವಾಗಿಯೇ ಬಿಡುತ್ತಾರೆ ಎನ್ನುವವರು ಬ್ರಿಟನ್ ಕಡೆ ನೋಡಲಿ. 2020ರಲ್ಲಿ ಅಲ್ಲಿನ ಬೇಟೆಗಾರರ ಸಂಘಗಳೇ ಐದು ವರ್ಷದಲ್ಲಿ ಸೀಸದ ಚರೆ ಬಿಡುತ್ತೇವೆಂದು ಮಾತು ಕೊಟ್ಟವು. ಮೊದಲ ವರ್ಷ ಅಂಗಡಿಯಿಂದ ಕೊಂಡು ಪರೀಕ್ಷಿಸಿದ ಫೆಸೆಂಟ್ ಹಕ್ಕಿಗಳಲ್ಲಿ ಚರೆ ಸಿಕ್ಕವು ಯಾವುವೋ, ಅವುಗಳ ಪೈಕಿ ನೂರಕ್ಕೆ 99ಕ್ಕೂ ಹೆಚ್ಚು ಹಕ್ಕಿಗಳನ್ನು ಕೊಂದದ್ದು ಸೀಸ. ಮುಂದಿನ ವರ್ಷಗಳಲ್ಲೂ ಅದು 90ಕ್ಕಿಂತ ಕೆಳಗಿಳಿಯಲಿಲ್ಲ. ಮಾತಿಗೆ ಬೆಲೆ ಇಷ್ಟು. ಕೊನೆಗೆ 2025ರಲ್ಲಿ ಸರ್ಕಾರವೇ ನಿಷೇಧ ಘೋಷಿಸಬೇಕಾಯಿತು. ಡೆನ್ಮಾರ್ಕ್ 1996ರಲ್ಲೇ ಸೀಸದ ಚರೆ ನಿಲ್ಲಿಸಿತು, 2024ರಲ್ಲಿ ರೈಫಲ್ ಗುಂಡಿನ ಸೀಸವನ್ನೂ ನಿಲ್ಲಿಸಿತು. ಡೆನ್ಮಾರ್ಕಿನವರು ಬೇಟೆ ಬಿಟ್ಟರೆ? ತಾಮ್ರದ ಗುಂಡಿಗೂ ಜಿಂಕೆ ಸಾಯುತ್ತದೆ, ಕರುಳಲ್ಲಿ ಸೀಸ ಉಳಿಯುವುದಿಲ್ಲ, ವ್ಯತ್ಯಾಸ ಅಷ್ಟೇ. ತಾಮ್ರ ದುಬಾರಿಯಂತೆ. ಲಕ್ಷಗಟ್ಟಲೆ ಬೆಲೆಯ ಕೋವಿ, ದೂರ್ಬೀನು, ಟ್ರಕ್ಕು ಇಟ್ಟುಕೊಂಡವನು ಒಂದು ಜಿಂಕೆಗೆ ಹಾರಿಸುವ ಎರಡು ಗುಂಡಿನ ಬೆಲೆಯ ಬಗ್ಗೆ ಅಳುವುದನ್ನು ನಾನು ನಂಬುವುದಿಲ್ಲ.

ಇನ್ನು ಅವರ ಬ್ರಹ್ಮಾಸ್ತ್ರ: ಕ್ಯಾಲಿಫೋರ್ನಿಯಾ 2019ರ ಜುಲೈಯಿಂದ ಬೇಟೆಗೆ ಸೀಸವನ್ನು ಪೂರ್ತಿ ನಿಷೇಧಿಸಿದೆ, ಆದರೂ ಕಾಂಡರ್ ಸಾಯುತ್ತಿವೆ, ಹಾಗಾಗಿ ನಿಷೇಧ ವ್ಯರ್ಥ. ದಿನಕ್ಕೆ ನೂರು ಮೈಲಿ ಹಾರಬಲ್ಲ ಹಕ್ಕಿಗೆ ರಾಜ್ಯದ ಗಡಿ ಗೊತ್ತೆ? ಪಕ್ಕದ ರಾಜ್ಯದಲ್ಲಿ ಸೀಸ ಸಲೀಸಾಗಿ ಸಿಗುವಾಗ, ಮನೆಯ ಕಪಾಟಿನಲ್ಲಿ ಹಳೆಯ ಪೆಟ್ಟಿಗೆ ಇರುವಾಗ, ಕದ್ದು ಹೊಡೆಯುವವರಿರುವಾಗ, ನಿಷೇಧ ಇಡೀ ದೇಶಕ್ಕೆ ಬರಬೇಕು ಎನ್ನುವುದಕ್ಕೆ ಅದೇ ಪುರಾವೆ. 1991ರ ನಿಯಮ ಗೆದ್ದದ್ದು ಅದು ದೇಶಕ್ಕೆಲ್ಲ ಒಂದೇ ಆಗಿದ್ದರಿಂದ.

ಕ್ಯಾಲಿಫೋರ್ನಿಯಾದ ಉತ್ತರ ತುದಿಯಲ್ಲಿ ಯುರೋಕ್ ಎಂಬ ಮೂಲನಿವಾಸಿ ಜನರಿದ್ದಾರೆ. ಕಾಂಡರ್ ಅವರಿಗೆ ಪವಿತ್ರ. ನೂರು ವರ್ಷಕ್ಕೂ ಹೆಚ್ಚು ಕಾಲ ಅವರ ಆಕಾಶದಲ್ಲಿ ಅದು ಇರಲಿಲ್ಲ. 2022ರಲ್ಲಿ ಅವರೇ ಮುಂದೆ ನಿಂತು ಮತ್ತೆ ಹಾರಿಬಿಟ್ಟರು. ಒಂದೊಂದಕ್ಕೂ ತಮ್ಮ ಭಾಷೆಯಲ್ಲಿ ಹೆಸರಿಟ್ಟರು. 2025ರ ಜನವರಿಯಲ್ಲಿ ಅವುಗಳಲ್ಲೊಂದು, ಗೆಳೆಯ ಎಂಬರ್ಥದ ಹೆಸರಿನ ಒಂದೂವರೆ ವರ್ಷದ ಹಕ್ಕಿ, ಸೀಸದ ವಿಷದಿಂದ ಸತ್ತುಬಿತ್ತು. ಆ ಹಿಂಡಿನಲ್ಲಿ ಅದೇ ಮೊದಲ ಸಾವು. ಹೊಟ್ಟೆಯಲ್ಲಿ ಸಿಕ್ಕಿದ್ದು ಏರ್‌ಗನ್ನಿನ ಒಂದು ಸೀಸದ ಗುಂಡು. ನಾವು ಮಕ್ಕಳು ತಟ್ಟೆಯ ಅಂಚಿನಲ್ಲಿ ಎಣಿಸಿಡುತ್ತಿದ್ದ ಚರೆಗಿಂತ ದೊಡ್ಡದೇನಲ್ಲ.