ಆತ್ಮರಕ್ಷಣೆಯ ಗುಂಡಿಗೂ ತನಿಖೆ ಬೇಕು

ನೆಲಮಂಗಲ, ದೊಡ್ಡಬಳ್ಳಾಪುರ, ಹೊಸಕೋಟೆ ಕಡೆಯ ಅಪರಾಧ ಸುದ್ದಿ ಓದುವವರಿಗೆ ಈ ವರದಿ ಹೊಸದಲ್ಲ. ಪೊಲೀಸರು ಆರೋಪಿಯನ್ನು ಹಿಡಿಯಲು ಹೋಗುತ್ತಾರೆ, ಇಲ್ಲವೇ ಮಹಜರಿಗೆ ಕರೆದೊಯ್ಯುತ್ತಾರೆ. ಆತ ಕಾನ್‌ಸ್ಟೆಬಲ್ ಮೇಲೆ ಹಲ್ಲೆ ಮಾಡಿ ಓಡುತ್ತಾನೆ. ಗಾಳಿಯಲ್ಲಿ ಒಂದು ಸುತ್ತು ಹಾರಿಸಿದರೂ ಶರಣಾಗದಿದ್ದಾಗ, ‘ಆತ್ಮರಕ್ಷಣೆಗಾಗಿ’ ಕಾಲಿಗೆ ಗುಂಡು. ಇವುಗಳಲ್ಲಿ ನಿಜವಾದ ಆತ್ಮರಕ್ಷಣೆ ಖಂಡಿತ ಇರಬಹುದು. ಅದನ್ನು ಪರೀಕ್ಷಿಸುವವರು ಯಾರು ಎಂಬುದೇ ನನ್ನ ಪ್ರಶ್ನೆ.

ಸಾಮಾನ್ಯರಾದರೆ ಕೋರ್ಟೇ ಪರೀಕ್ಷಿಸುತ್ತದೆ. ದೊಡ್ಡಬಳ್ಳಾಪುರದ ರೈತನೊಬ್ಬ, ಕೊಳವೆಬಾವಿಯ ಕೇಬಲ್ ಕದಿಯಲು ಬಂದವನನ್ನು ಹೊಡೆದು ಕೊಂದ ಎಂದುಕೊಳ್ಳಿ. ಬರೀ ಕೇಬಲ್ ಉಳಿಸಿಕೊಳ್ಳಲು ಜೀವ ತೆಗೆಯುವ ಹಕ್ಕು ಅವನಿಗಿಲ್ಲ. ತನ್ನ ಜೀವಕ್ಕೆ ಅಥವಾ ಮೈಗೆ ದೊಡ್ಡ ಅಪಾಯವಿತ್ತು, ಆ ಭಯಕ್ಕೆ ಸಕಾರಣವಿತ್ತು ಎಂದು ಅವನು ಕೋರ್ಟಿನಲ್ಲಿ ತೋರಿಸಬೇಕು. ರಕ್ಷಣೆಗೆ ಬೇಕಾದದ್ದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ ಎನ್ನುತ್ತದೆ ಭಾರತೀಯ ನ್ಯಾಯ ಸಂಹಿತೆಯ 37ನೇ ಕಲಂ. ಓಡುತ್ತಿದ್ದವನ ಬೆನ್ನಿಗೆ ಹೊಡೆದಿದ್ದರೆ ಆತ್ಮರಕ್ಷಣೆಯ ವಾದ ನಿಲ್ಲುವುದು ಕಷ್ಟ. ಕಾನೂನು ಹೀಗಿರುವುದು ಸರಿಯೇ. ಖಾಕಿ ತೊಟ್ಟವರಿಗಾಗಿ ಬೇರೊಂದು ಆತ್ಮರಕ್ಷಣೆಯನ್ನು ಸಂಹಿತೆ ಬರೆದಿಲ್ಲ.

ಪೊಲೀಸರ ಜೀವಕ್ಕೆ ಬೆಲೆಯಿಲ್ಲವೇ ಎಂದು ಕೇಳುತ್ತಾರೆ. ಇದೆ. ಏಟು ಬೀಳುವ ತನಕ ಕಾಯಬೇಕೆಂದು ಯಾರಿಗೂ ಕಾನೂನು ಹೇಳುವುದಿಲ್ಲ. ಆ ಕ್ಷಣದ ಪ್ರತಿಕ್ರಿಯೆಯನ್ನು ಚಿನ್ನದ ತಕ್ಕಡಿಯಲ್ಲಿ ತೂಗಬಾರದು ಎಂದು 2010ರ ದರ್ಶನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ತೂಗಲೇಬಾರದು ಎಂದು ಹೇಳಿಲ್ಲ. ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್‌ನ ಪ್ರಕರಣದ 2014ರ ತೀರ್ಪಿನಲ್ಲಿ ಅದೇ ಕೋರ್ಟ್ ಪೊಲೀಸ್ ಎನ್‌ಕೌಂಟರ್ ಸಾವುಗಳಲ್ಲಿ ಎಫ್‌ಐಆರ್ ಕಡ್ಡಾಯ ಮಾಡಿತು, ತನಿಖೆಯನ್ನು ಸಿಐಡಿಗೆ ಅಥವಾ ಬೇರೆ ಠಾಣೆಯ ತಂಡಕ್ಕೆ ಒಪ್ಪಿಸಿತು, ಘಟನೆಯ ಬೆನ್ನಿಗೇ ಬಡ್ತಿ, ಶೌರ್ಯ ಪ್ರಶಸ್ತಿ ಕೊಡುವುದನ್ನು ತಡೆಯಿತು. ಹೆಚ್ಚಿನವರು ಮರೆಯುವ ಮಾತೊಂದು ಅಲ್ಲಿದೆ: ಎನ್‌ಕೌಂಟರ್‌ನಲ್ಲಿ ಸತ್ತಾಗ ಮಾತ್ರವಲ್ಲ, ತೀವ್ರ ಗಾಯವಾದಾಗಲೂ ಸಾಧ್ಯವಾದಷ್ಟು ಈ ನಿಯಮ ಪಾಲಿಸಬೇಕು. ಗುಂಡು ಮೊಣಕಾಲಿನ ಮೂಳೆ ಮುರಿದರೆ ಅದು ತೀವ್ರ ಗಾಯವೇ.

2025ರ ಏಪ್ರಿಲ್‌ನಲ್ಲಿ ಹುಬ್ಬಳ್ಳಿಯಲ್ಲಿ ಐದು ವರ್ಷದ ಬಾಲಕಿಯ ಕೊಲೆ ಆರೋಪಿ ಅದೇ ದಿನ ಪೊಲೀಸರ ಗುಂಡಿಗೆ ಸತ್ತ. ಊರು ಜೈಕಾರ ಹಾಕಿತು. ಆ ಮನೆಯವರ ಸಂಕಟ ನೋಡಿದರೆ ಸಿಟ್ಟು ಯಾರಿಗೂ ಬರುತ್ತದೆ. ಆದರೆ ಅವನೇ ಕೊಂದವನೆಂದು ಸಾಬೀತುಪಡಿಸಿ ಶಿಕ್ಷೆ ಕೊಡುವ ಅವಕಾಶ ನ್ಯಾಯಾಲಯಕ್ಕೆ ಉಳಿಯಲಿಲ್ಲ. ಆ ಸಾವಿನ ತನಿಖೆ ಸಿಐಡಿಗಾದರೂ ಹೋಯಿತು. ಕಾಲಿಗೆ ಗುಂಡು ತಿಂದವರ ಪ್ರಕರಣಗಳು ಮರುದಿನದ ಸುದ್ದಿಯಲ್ಲೇ ಮುಗಿದುಹೋಗುತ್ತವೆ.

ಗೃಹ ಇಲಾಖೆ ನೆಲಮಂಗಲ, ದೊಡ್ಡಬಳ್ಳಾಪುರ, ಹೊಸಕೋಟೆ ಇರುವ ಜಿಲ್ಲೆಯಿಂದಲೇ ಶುರುಮಾಡಲಿ. ಆತ್ಮರಕ್ಷಣೆಯ ಹೆಸರಿನಲ್ಲಿ ಹಾರಿದ ಪ್ರತಿ ಗುಂಡಿಗೂ ಎಫ್‌ಐಆರ್ ಆಗಿದೆಯೇ, ತನಿಖೆ ಮಾಡಿದವರು ಯಾರು, ಕಂಡುಕೊಂಡದ್ದೇನು ಎಂಬುದನ್ನು ಜನರ ಮುಂದಿಡಲಿ.