ಮೃಗಶಿರಾ ಮಳೆ ಗೊತ್ತು, ಆ ಚುಕ್ಕಿ ಎಲ್ಲಿದೆ?

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಸೀಮೆಯ ರೈತರು ಇಂದಿಗೂ ಮಳೆಯನ್ನು ನಕ್ಷತ್ರದ ಲೆಕ್ಕದಲ್ಲೇ ಹೇಳುತ್ತಾರೆ: ರೋಹಿಣಿ ಕೈಕೊಟ್ಟಿತು, ಮೃಗಶಿರಾ ಹಿಡಿಯಿತು. ಹೆಸರು ಬಾಯಲ್ಲಿ ಉಳಿದಿದೆ. ಪೇಟೆಯ ಅಂಗಳದಿಂದ ಆ ಚುಕ್ಕಿಯನ್ನು ಮಗುವಿಗೆ ತೋರಿಸುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿದೆ. 2023ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ 2011ರಿಂದ 2022ರವರೆಗೆ ರಾತ್ರಿಯ ಆಕಾಶ ವರ್ಷಕ್ಕೆ ಸುಮಾರು ಶೇ 10ರಷ್ಟು ಬೆಳ್ಳಗಾಗಿದೆ. 250 ಚುಕ್ಕಿ ಕಾಣುವ ಊರಲ್ಲಿ ಹುಟ್ಟಿದ ಮಗುವಿಗೆ 18 ತುಂಬುವಾಗ 100 ಕಂಡರೆ ಹೆಚ್ಚು. ಈ ಲೆಕ್ಕ ಕೊಟ್ಟವರು ಬರಿಗಣ್ಣಿನಿಂದ ಆಕಾಶ ನೋಡಿದ ಸಾಮಾನ್ಯ ಜನ, ಅದರಲ್ಲೂ ಬಹುಪಾಲು ಯುರೋಪ್, ಅಮೆರಿಕದವರು. ನಮ್ಮ ಆಕಾಶವನ್ನು ನಾವೇ ಎಣಿಸಬೇಕು.

ಅದಕ್ಕೆ ಭಾಷಣಕ್ಕಿಂತ ಆಟ ಮೇಲು. ಬಯಲಲ್ಲಿ ತೊಗಲು ಬೊಂಬೆಯ ಪರದೆ ಕಟ್ಟಿ, ಮುಂದೊಂದು ಬೀದಿದೀಪ ನಿಲ್ಲಿಸಿ. ದೀಪಕ್ಕೆ ತಗಡಿನ ಟೋಪಿ, ಟೋಪಿಗೆ ಹಗ್ಗ, ಹಗ್ಗ ನೋಡುಗರ ಕೈಯಲ್ಲಿ. ಟೋಪಿ ಮೇಲಿದ್ದಾಗ ಬೆಳಕು ಪರದೆಗೆ ಹೊಡೆದು ಬೊಂಬೆಯ ಕೆಂಪು, ಹಸಿರು ಮಂಕಾಗುತ್ತವೆ. ಹಗ್ಗ ಬಿಟ್ಟರೆ ಟೋಪಿ ಇಳಿದು ಬೆಳಕು ಕಂಬದ ಬುಡಕ್ಕೆ ಬೀಳುತ್ತದೆ, ಪರದೆಯಲ್ಲಿ ಬಣ್ಣ ಮೂಡುತ್ತದೆ. ಆಗ ತಲೆಯೆತ್ತಿ ಕೃತ್ತಿಕೆಯ ಗೊಂಚಲಲ್ಲಿ ಎಷ್ಟು ಚುಕ್ಕಿ ಎಂದು ಎಣಿಸಲಿ. ಜಾನಪದ ವಿಶ್ವವಿದ್ಯಾಲಯವೂ ಉತ್ಸವ ರಾಕ್ ಗಾರ್ಡನ್ನೂ ಗೊಟಗೋಡಿಯಲ್ಲೇ ಇರುವ ಹಾವೇರಿ ಜಿಲ್ಲೆಗೆ ಇದು ಹೊರೆಯಲ್ಲ.

ಕತ್ತಲಾದರೆ ಹೆಣ್ಣುಮಕ್ಕಳು ಓಡಾಡುವುದು ಹೇಗೆ ಎಂಬ ಆಕ್ಷೇಪ ನ್ಯಾಯವಾದದ್ದು. ಅದನ್ನು ತಳ್ಳಿಹಾಕುವವರ ಮಾತನ್ನು ಯಾರೂ ಕೇಳಬಾರದು. ಆದರೆ ಕೇಳುತ್ತಿರುವುದು ದೀಪ ಆರಿಸಿ ಎಂದಲ್ಲ, ಬೆಳಕನ್ನು ನೆಲಕ್ಕೆ ತಿರುಗಿಸಿ ಎಂದು. ಕಣ್ಣಿಗೇ ರಾಚುವ ದೀಪದ ಆಚೆ ನಿಂತವರು ಕಾಣುವುದಿಲ್ಲ. ಟೋಪಿಯಿರುವ ದೀಪದಡಿ ದಾರಿಯೂ ಮುಖವೂ ಕಾಣುತ್ತವೆ. ಇದು ಬೆಂಗಳೂರಿನ ಚಿಂತೆ, ಸಣ್ಣ ಊರಿಗೇಕೆ ಎನ್ನುವವರು ರಾಣೇಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯವನ್ನು ನೆನೆಯಲಿ. 1974ರಲ್ಲಿ ಘೋಷಣೆಯಾದ ಆ ಕಾಡಿಗೆ ಗಡಿಕಲ್ಲುಗಳಿವೆ, ಪೇಟೆಯ ಬೆಳಕಿಗೆ ಇಲ್ಲ. ನಿಯಮ ಮಾಡಿದರೆ ಸಾಲದೇ ಎಂದರೆ, ಕೇಳುವವರಿಲ್ಲದ ನಿಯಮ ಕಡತದಲ್ಲೇ ಉಳಿಯುತ್ತದೆ. ಹಗ್ಗ ಹಿಡಿದು ವ್ಯತ್ಯಾಸ ಕಂಡವರು ತಮ್ಮ ಓಣಿಯ ಕಂಬಕ್ಕೂ ಟೋಪಿ ಬೇಕೆಂದು ನಗರಸಭೆ, ಪುರಸಭೆ ಸದಸ್ಯರನ್ನು ಕೇಳುತ್ತಾರೆ. ಬ್ಯಾಡಗಿ ಮಾರುಕಟ್ಟೆಗೆ ಹೊಸ ಮೆಣಸಿನಕಾಯಿ ಬರುವ ಡಿಸೆಂಬರ್‌ನಲ್ಲೇ ಮೃಗಶಿರವೂ ಸಂಜೆಯ ಮೂಡಣದಲ್ಲಿ ಏರುತ್ತದೆ. ಮೊದಲ ಆಟ ಅಲ್ಲೇ, ಚೀಲ ಇಳಿಸಿ ಕೂತ ರೈತರ ಮುಂದೆ ನಡೆಯಲಿ.